ಆ್ಯಪ್‌ನಲ್ಲಿ 4ಕೆ ಅಂತ ಬರೆದಿದ್ದರೂ ಪಂದ್ಯ ನೋಡಲು ಡಿಶ್‌ನ ಎಚ್‌ಡಿ ಚಾನೆಲ್ಲೇ ಚೆನ್ನಾಗಿದೆ, ಕಾರಣವೇನು?

ನೋಟಗಾರ:

ಎಲ್ಲರಿಗೂ ನಮಸ್ಕಾರ. ಪ್ರಸಾರ ಮತ್ತು ಸ್ಟ್ರೀಮಿಂಗ್ ಎರಡರ ಒಳಹೊರಗೂ ಗೊತ್ತಿರುವವರಿಂದ ಉತ್ತರ ಬೇಕು.

ಟಿವಿ 55 ಇಂಚಿನ 4ಕೆ ಎಲ್‌ಇಡಿ. ಕೂರುವ ಜಾಗಕ್ಕೂ ಟಿವಿಗೂ ಸುಮಾರು 3 ಮೀಟರ್. ಒಂದು ಎಚ್‌ಡಿಎಂಐಗೆ ಡಿಶ್‌ನ ಎಚ್‌ಡಿ ಸೆಟ್-ಟಾಪ್ ಬಾಕ್ಸ್, ಇನ್ನೊಂದಕ್ಕೆ ಸ್ಟ್ರೀಮಿಂಗ್ ಸ್ಟಿಕ್. ಸ್ಟಿಕ್‌ಗೆ ವೈಫೈ ಸಂಪರ್ಕ, ಸ್ಪೀಡ್ ಟೆಸ್ಟ್‌ನಲ್ಲಿ 80 ಎಂಬಿಪಿಎಸ್ ಬರುತ್ತದೆ.

ಒಂದೇ ಪಂದ್ಯವನ್ನು ಎರಡರಲ್ಲೂ ಹಾಕಿದಾಗ, ಕ್ಯಾಮೆರಾ ನಿಂತಿರುವಷ್ಟು ಹೊತ್ತು ಎರಡೂ ಒಂದೇ ಥರ. ಕ್ಯಾಮೆರಾ ಚೆಂಡಿನ ಹಿಂದೆ ಓಡಿದ ಕೂಡಲೇ ಆ್ಯಪ್‌ನಲ್ಲಿ ಹುಲ್ಲಿನ ಎಳೆಗಳೆಲ್ಲ ಮಾಯವಾಗಿ ಬಳಿದ ಹಸಿರು ಬಣ್ಣವಷ್ಟೇ ಉಳಿಯುತ್ತದೆ. ಚೆಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೆಗೆದು ನೆಗೆದು ಹೋಗುತ್ತದೆ. ಜೊತೆಗೆ ಇಡೀ ಚಿತ್ರವೇ ಒಂದೇ ಲಯದಲ್ಲಿ ಕುಂಟುತ್ತದೆ. ಚಾನೆಲ್‌ನಲ್ಲಿ ಇದ್ಯಾವುದೂ ಇಲ್ಲ. ಅದೇ ಆ್ಯಪ್‌ನಲ್ಲಿ ಸಿನಿಮಾ ಹಾಕಿದರೆ ಮಾತ್ರ ಯಾವ ಚಾನೆಲ್ಲೂ ಅದರ ಹತ್ತಿರ ಸುಳಿಯುವುದಿಲ್ಲ.

ನನ್ನ ಪ್ರಶ್ನೆ ಇಷ್ಟು. ಒಂದೇ ಆ್ಯಪ್, ಒಂದೇ ಸ್ಟಿಕ್, ಒಂದೇ ಇಂಟರ್ನೆಟ್. ಹಾಗಿದ್ದೂ ಸಿನಿಮಾಕ್ಕೂ ಪಂದ್ಯಕ್ಕೂ ಇಷ್ಟು ಅಂತರ ಏಕೆ? ತೊಂದರೆ ಇರುವುದು ಮನೆಯೊಳಗೋ, ಕಳಿಸುವ ಕಡೆಯೋ ಎಂದು ಅಳೆದು ತಿಳಿಯುವುದು ಹೇಗೆ? ‘ನೆಟ್ ಸ್ಪೀಡ್ ಹೆಚ್ಚಿಸಿ’ ಎನ್ನುವ ಉತ್ತರ ಈಗಾಗಲೇ ಸಿಕ್ಕಿದೆ, ಅದು ಬೇಡ.

ಬಿಟ್‌ಲೆಕ್ಕ:

ಬೇಡ ಎಂದದ್ದು ಸರಿ. 80 ಎಂಬಿಪಿಎಸ್ ಇರುವಾಗ ಸ್ಪೀಡ್ ಹೆಚ್ಚಿಸಿ ಪ್ರಯೋಜನವಿಲ್ಲ. 4ಕೆ ಸ್ಟ್ರೀಮಿಂಗ್‌ಗೆ ನೆಟ್‌ಫ್ಲಿಕ್ಸ್ ಕೇಳುವುದೇ 15 ಎಂಬಿಪಿಎಸ್.

ಮೊದಲು 4ಕೆ, ಎಚ್‌ಡಿ ಎಂಬ ಹಣೆಪಟ್ಟಿಗಳನ್ನು ಬದಿಗಿಡಿ. ಒಂದು ಫ್ರೇಮ್‌ನಲ್ಲಿ ಎಷ್ಟು ಪಿಕ್ಸೆಲ್ ಇವೆ ಎಂಬುದನ್ನು ಬಿಟ್ಟು ಅವು ಬೇರೇನನ್ನೂ ಹೇಳುವುದಿಲ್ಲ. ಕಣ್ಣಿಗೆ ಕಾಣುವ ಗುಣಮಟ್ಟ ನಿಂತಿರುವುದು ಪ್ರತಿ ಪಿಕ್ಸೆಲ್‌ಗೆ ಎಷ್ಟು ಬಿಟ್ ಸಿಕ್ಕಿತು, ಕೋಡೆಕ್ (ಚಿತ್ರವನ್ನು ಕುಗ್ಗಿಸುವ ವಿಧಾನ) ಯಾವುದು, ಸೆಕೆಂಡಿಗೆ ಎಷ್ಟು ಚಿತ್ರ, ಕುಗ್ಗಿಸುವ ಕೆಲಸ ಮಾಡುವ ಎನ್‌ಕೋಡರ್‌ಗೆ ಯೋಚಿಸಲು ಎಷ್ಟು ಸಮಯ ಕೊಟ್ಟರು ಎಂಬುದರ ಮೇಲೆ.

ಲೆಕ್ಕ ಹಾಕಿ ನೋಡೋಣ. 1080 ಸಾಲಿನ ಇಂಟರ್‌ಲೇಸ್ (ಒಮ್ಮೆಗೆ ಅರ್ಧ ಸಾಲುಗಳನ್ನಷ್ಟೇ ಕಳಿಸುವ) ಚಾನೆಲ್‌ನಲ್ಲಿ ಸೆಕೆಂಡಿಗೆ 25 ಪೂರ್ಣ ಫ್ರೇಮ್‌ನಷ್ಟು ಮಾಹಿತಿ, ಅಂದರೆ ಸುಮಾರು 5.2 ಕೋಟಿ ಪಿಕ್ಸೆಲ್. ಎಚ್.264 ಕೋಡೆಕ್‌ನಲ್ಲಿ 8 ಎಂಬಿಪಿಎಸ್ ಕೊಟ್ಟರೆ ಪಿಕ್ಸೆಲ್‌ಗೆ 0.15 ಬಿಟ್ ಬೀಳುತ್ತದೆ. ಇನ್ನು 3840×2160ರಲ್ಲಿ ಸೆಕೆಂಡಿಗೆ 50 ಫ್ರೇಮ್ ಎಂದರೆ 41.5 ಕೋಟಿ ಪಿಕ್ಸೆಲ್; ಅದಕ್ಕೆ 16 ಎಂಬಿಪಿಎಸ್ ಕೊಟ್ಟರೆ ಪಿಕ್ಸೆಲ್‌ಗೆ 0.039 ಬಿಟ್ ಮಾತ್ರ. 2013ರಲ್ಲಿ ಬಂದ ಎಚ್‌ಇವಿಸಿ ಕೋಡೆಕ್, ಎಚ್.264ಕ್ಕಿಂತ ಸುಮಾರು ಅರ್ಧ ಬಿಟ್‌ನಲ್ಲಿ ಅದೇ ಗುಣಮಟ್ಟ ಕೊಡುತ್ತದೆ ಎಂದು ಇಟ್ಟುಕೊಂಡರೂ ಅದು 0.08ಕ್ಕೆ ಸಮ. ದೊಡ್ಡ ಫ್ರೇಮ್‌ನಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳು ಹೆಚ್ಚು ಹೋಲುವುದರಿಂದ ಕಡಿಮೆ ಬಿಟ್ ಸಾಕಾಗುತ್ತದೆ, ನಿಜ. ಆದರೂ ಓಡುವ ಕ್ಯಾಮೆರಾ, ಹುಲ್ಲು, ಜನಸಂದಣಿ ಮೂರೂ ಒಟ್ಟಿಗೆ ಬಂದಾಗ ಆ ರಿಯಾಯಿತಿ ಉಳಿಯುವುದಿಲ್ಲ. ಹಿಂದಿನ ಫ್ರೇಮ್‌ನಿಂದ ಎರವಲು ಪಡೆಯುವಂಥದ್ದು ಕಡಿಮೆ, ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಬಿಟ್ ಸಾಲದಾಗ ಎನ್‌ಕೋಡರ್ ಮೊದಲು ಕೈಬಿಡುವುದೇ ಸಣ್ಣ ವಿವರ. ನಿಮಗೆ ಕಾಣುತ್ತಿರುವ ಬಳಿದ ಹಸಿರು ಬಣ್ಣ ಅದೇ.

ಸಿನಿಮಾ ಚೆನ್ನಾಗಿರಲು ಕಾರಣ ಬೇರೆ. ಸಂಗ್ರಹದಲ್ಲಿರುವ ಚಿತ್ರವನ್ನು ಎನ್‌ಕೋಡರ್ ಎರಡು ಮೂರು ಬಾರಿ ಪೂರ್ತಿ ಓದಿ, ಕಷ್ಟದ ದೃಶ್ಯಕ್ಕೆ ಹೆಚ್ಚು, ಸುಲಭದ ದೃಶ್ಯಕ್ಕೆ ಕಡಿಮೆ ಬಿಟ್ ಹಂಚಬಹುದು. ಒಂದು ಗಂಟೆಯ ಚಿತ್ರಕ್ಕೆ ಹತ್ತು ಗಂಟೆ ಹಿಡಿದರೂ ಯಾರೂ ಕೇಳುವುದಿಲ್ಲ. 2015ರಿಂದ ನೆಟ್‌ಫ್ಲಿಕ್ಸ್ ಪ್ರತಿ ಚಿತ್ರಕ್ಕೂ ಅದರದೇ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಬಿಟ್) ಪಟ್ಟಿ ತಯಾರಿಸುತ್ತಿದೆ. ಅದೂ ಅಲ್ಲದೆ ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಪಂದ್ಯದ ಅರ್ಧಕ್ಕೂ ಕಡಿಮೆ. ನೇರಪ್ರಸಾರದ ಎನ್‌ಕೋಡರ್‌ಗೆ ಮುಂದೆ ನೋಡಲು ಸಿಗುವುದು ಒಂದೆರಡು ಸೆಕೆಂಡು ಅಷ್ಟೇ. ಅಷ್ಟರಲ್ಲಿ ಅದು ನಾಲ್ಕೈದು ಗಾತ್ರದ ಪ್ರತಿಗಳನ್ನು ಒಟ್ಟಿಗೆ ತಯಾರಿಸಬೇಕು.

ಆ ಪ್ರತಿಗಳ ಏಣಿಯನ್ನು ಅರ್ಥಮಾಡಿಕೊಳ್ಳದೆ ನಿಮ್ಮ ಸಮಸ್ಯೆ ಬಿಡಿಸಲಾಗದು. ಎಚ್‌ಎಲ್‌ಎಸ್ ಎಂಬ ಸ್ಟ್ರೀಮಿಂಗ್ ವಿಧಾನಕ್ಕೆ ಆ್ಯಪಲ್ ಕೊಟ್ಟಿರುವ ಮಾದರಿ ಏಣಿಯಲ್ಲಿ ಎಚ್.264ಕ್ಕೆ 540 ಸಾಲು 2 ಎಂಬಿಪಿಎಸ್, 720 ಸಾಲು 3 ಮತ್ತು 4.5, 1080 ಸಾಲು 6 ಮತ್ತು 7.8 ಎಂಬಿಪಿಎಸ್. ಪ್ರತಿ ಮೆಟ್ಟಿಲನ್ನೂ ಸುಮಾರು 6 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ. ಆ್ಯಪ್ ಪ್ರತಿ ತುಂಡು ಎಷ್ಟು ಬೇಗ ಬಂತು ಎಂದು ನೋಡಿ ಮುಂದಿನದನ್ನು ಯಾವ ಮೆಟ್ಟಿಲಿಂದ ತರಬೇಕೆಂದು ತೀರ್ಮಾನಿಸುತ್ತದೆ. ಸಿನಿಮಾದಲ್ಲಿ ಒಂದೆರಡು ನಿಮಿಷದಷ್ಟು ಮುಂಚಿತವಾಗಿ ತುಂಬಿಸಿಟ್ಟುಕೊಳ್ಳಬಹುದು, ಹಾಗಾಗಿ ಧೈರ್ಯವಾಗಿ ಮೇಲಿನ ಮೆಟ್ಟಿಲಲ್ಲಿ ನಿಲ್ಲುತ್ತದೆ. ನೇರಪ್ರಸಾರದಲ್ಲಿ ಮುಂದಿನದು ಇನ್ನೂ ಹುಟ್ಟೇ ಇಲ್ಲ. ಕೈಯಲ್ಲಿರುವುದು ಮೂರು ನಾಲ್ಕು ತುಂಡು. ವೈಫೈ ಒಂದು ಕ್ಷಣ ತೊದಲಿದರೂ ಆ್ಯಪ್ ಹೆದರಿ ಕೆಳಗಿಳಿಯುತ್ತದೆ, ಮತ್ತೆ ಹತ್ತಲು ಅರ್ಧ ನಿಮಿಷ ತೆಗೆದುಕೊಳ್ಳುತ್ತದೆ.

ಸ್ಪೀಡ್ ಟೆಸ್ಟ್ ಇದನ್ನು ಹಿಡಿಯುವುದಿಲ್ಲ. ಅದು ಹತ್ತಿರದ ಸರ್ವರ್‌ಗೆ ಒಂದೇ ಸಲಕ್ಕೆ ಹಲವು ಸಂಪರ್ಕ ತೆರೆದು ಹತ್ತಿಪ್ಪತ್ತು ಸೆಕೆಂಡಿನ ವೇಗ ಹೇಳುತ್ತದೆ. ನಿಮಗೆ ಬೇಕಿರುವುದು ಗಂಟೆಗಟ್ಟಲೆ ಅಲುಗದೆ ನಿಲ್ಲುವ 10 ಎಂಬಿಪಿಎಸ್.

ಅಳೆಯುವ ವಿಧಾನ ಸರಳ. ಸೆಟ್-ಟಾಪ್ ಬಾಕ್ಸ್‌ನಲ್ಲಿ ರೆಕಾರ್ಡಿಂಗ್ ಇದ್ದರೆ ಆ ಚಾನೆಲ್ಲನ್ನು ಸರಿಯಾಗಿ ಒಂದು ಗಂಟೆ ರೆಕಾರ್ಡ್ ಮಾಡಿ, ಫೈಲಿನ ಗಾತ್ರವನ್ನು ಜಿಬಿಯಲ್ಲಿ ಓದಿ 2.22ರಿಂದ ಗುಣಿಸಿ, ಬರುವುದೇ ಸರಾಸರಿ ಎಂಬಿಪಿಎಸ್. ಆ್ಯಪ್‌ಗೆ ರೌಟರ್‌ನ ಪುಟದಲ್ಲಿ ಸ್ಟಿಕ್‌ನ ಹೆಸರಿನ ಮುಂದೆ ಇರುವ ಡೇಟಾ ಲೆಕ್ಕವನ್ನು ಪಂದ್ಯ ಶುರುವಾಗಿ ಐದು ನಿಮಿಷ ಬಿಟ್ಟು ಬರೆದುಕೊಳ್ಳಿ, 10 ನಿಮಿಷ ಬಿಟ್ಟು ಮತ್ತೆ ಓದಿ. ವ್ಯತ್ಯಾಸವನ್ನು ಎಂಬಿಯಲ್ಲಿ ತೆಗೆದುಕೊಂಡು 8ರಿಂದ ಗುಣಿಸಿ 600ರಿಂದ ಭಾಗಿಸಿ. 450 ಎಂಬಿ ಬಂದರೆ 6 ಎಂಬಿಪಿಎಸ್. ಧ್ವನಿಯೂ ಅದರಲ್ಲೇ ಸೇರಿರುತ್ತದೆ, ಸ್ಟೀರಿಯೊ ಆದರೆ ಅದರ ಪಾಲು ಅಲ್ಪ. ಅಳೆಯುವಾಗ ಸ್ಟಿಕ್‌ನಲ್ಲಿ ಬೇರೆ ಆ್ಯಪ್ ಅಪ್‌ಡೇಟ್ ಆಗುತ್ತಿರಬಾರದು. ಅದೇ ಆ್ಯಪ್‌ನಲ್ಲಿ ಒಂದು 4ಕೆ ಸಿನಿಮಾಕ್ಕೂ ಇದೇ ಅಳತೆ ಮಾಡಿ, ಮೂರು ಸಂಖ್ಯೆಗಳನ್ನೂ ಇಲ್ಲಿ ಹಾಕಿ. ಆಮೇಲೆ ಮಾತಾಡೋಣ.

ಫೀಲ್ಡ್50:

ಬಿಟ್‌ಲೆಕ್ಕ ಅವರು ಹೇಳಿದ್ದು ಹುಲ್ಲಿನ ಕಥೆ. ಚೆಂಡು ನೆಗೆಯುವುದು, ಚಿತ್ರ ಕುಂಟುವುದು ಬಿಟ್‌ರೇಟ್‌ನಿಂದ ಅಲ್ಲ, ಅವೆರಡೂ ಚಲನೆಯ ತೊಂದರೆ. ಅವು ಎರಡು ಬೇರೆ ಬೇರೆ ತೊಂದರೆ ಎಂಬುದನ್ನೂ ಗಮನಿಸಿ, ಒಂದಕ್ಕೆ ಮನೆಯಲ್ಲೇ ಮದ್ದಿದೆ.

ಮೊದಲು ನೆಗೆತ. 50 ಹರ್ಟ್ಜ್ ಪದ್ಧತಿಯ ಇಂಟರ್‌ಲೇಸ್ ಪ್ರಸಾರದಲ್ಲಿ ಸೆಕೆಂಡಿಗೆ 50 ಫೀಲ್ಡ್ ಬರುತ್ತವೆ. ಪ್ರತಿ ಫೀಲ್ಡ್‌ನಲ್ಲಿ ಅರ್ಧ ಸಾಲುಗಳೇ ಇದ್ದರೂ ಅದನ್ನು ಹಿಡಿದ ಕ್ಷಣ ಬೇರೆ. ಹೀಗಾಗಿ ಚೆಂಡು ಸೆಕೆಂಡಿಗೆ 50 ಜಾಗಗಳಲ್ಲಿ ಕಾಣುತ್ತದೆ. ಆ್ಯಪ್‌ನವರು ಅದೇ ಸಿಗ್ನಲ್ ತೆಗೆದುಕೊಂಡು 25 ಫ್ರೇಮ್‌ಗೆ ಇಳಿಸಿ ಕಳಿಸಿದರೆ ಚೆಂಡಿನ ಅರ್ಧ ಹೆಜ್ಜೆಗಳು ಅಲ್ಲೇ ಅಳಿಸಿಹೋದಂತೆ. ಮೇಲೆ 1080 ಎಂದು ಬರೆದಿದ್ದರೂ, ಅದಕ್ಕೆ 20 ಎಂಬಿಪಿಎಸ್ ಕೊಟ್ಟರೂ ಆ ಹೆಜ್ಜೆಗಳು ಮರಳಿ ಬರುವುದಿಲ್ಲ. ಬಿಟ್ ಉಳಿಸಲು ಇದು ಅತಿ ಸುಲಭದ ದಾರಿ, ಅದಕ್ಕೇ ಕೆಳಗಿನ ಮೆಟ್ಟಿಲುಗಳೆಲ್ಲ ಸಾಮಾನ್ಯವಾಗಿ 25 ಅಥವಾ 30 ಫ್ರೇಮ್‌ನಲ್ಲೇ ಇರುತ್ತವೆ. ಕ್ರೀಡೆಗೆ ಸಾಲುಗಳಿಗಿಂತ ಫ್ರೇಮ್ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ: 720 ಸಾಲು 50 ಫ್ರೇಮ್, 1080 ಸಾಲು 25 ಫ್ರೇಮ್ ಎರಡನ್ನೂ ಎದುರಿಗಿಟ್ಟರೆ ಪಂದ್ಯಕ್ಕೆ ಮೊದಲನೆಯದನ್ನೇ ಆರಿಸಬೇಕು.

ಇದನ್ನು ಕಣ್ಣಲ್ಲೇ ಪತ್ತೆ ಮಾಡಬಹುದು. ಸುದ್ದಿ ಚಾನೆಲ್‌ನ ಕೆಳಗೆ ಓಡುವ ಅಕ್ಷರದ ಪಟ್ಟಿಯನ್ನು ಡಿಶ್‌ನಲ್ಲೂ ಆ್ಯಪ್‌ನಲ್ಲೂ ನೋಡಿ. 50 ಇದ್ದರೆ ಅಕ್ಷರ ಜಾರಿಕೊಂಡು ಹೋಗುತ್ತದೆ, ಓದಲು ಕಷ್ಟವಿಲ್ಲ. 25 ಇದ್ದರೆ ಅಕ್ಷರದ ಅಂಚು ಎರಡಾಗಿ ಕಂಡು ತಟತಟ ಎಂದು ಹೆಜ್ಜೆ ಹಾಕುತ್ತದೆ. ಪಂದ್ಯದ ಮಧ್ಯೆ ಬರುವ ಪಟ್ಟಿಯಲ್ಲೂ ಇದೇ ಪರೀಕ್ಷೆ ನಡೆಯುತ್ತದೆ. ಪರೀಕ್ಷೆಯ ಹೊತ್ತಿಗೆ ಟಿವಿಯ ಮೋಷನ್ ಸ್ಮೂಥಿಂಗ್ ಆಫ್ ಆಗಿರಬೇಕು. ಅದು ಇಲ್ಲದ ಫ್ರೇಮ್‌ಗಳನ್ನು ತಾನೇ ಹುಟ್ಟಿಸಿ ತುಂಬುವುದರಿಂದ ನಿಜ ಸ್ಥಿತಿ ಗೊತ್ತಾಗುವುದಿಲ್ಲ.

ಇನ್ನು ಕುಂಟುವಿಕೆ. ಬಹುತೇಕ ಸ್ಟಿಕ್‌ಗಳು ಕಾರ್ಖಾನೆಯಿಂದ ಬರುವಾಗ 60 ಹರ್ಟ್ಜ್‌ಗೆ ಕಟ್ಟುಬಿದ್ದಿರುತ್ತವೆ. 50 ಫ್ರೇಮ್‌ನ ಚಿತ್ರವನ್ನು 60ಕ್ಕೆ ಹೊಂದಿಸಲು ಪ್ರತಿ ಐದನೇ ಫ್ರೇಮ್ ಎರಡು ಸಲ ತೋರಿಸಬೇಕು, ಸೆಕೆಂಡಿಗೆ 10 ಬಾರಿ ಎಡವಿದಂತೆ. 25 ಫ್ರೇಮ್ ಆದರೆ ಕೆಲವು ಎರಡು ಸಲ, ಕೆಲವು ಮೂರು ಸಲ. ಲಯಬದ್ಧ ಅಂತ ನೀವು ಬರೆದದ್ದಕ್ಕೆ ಇದು ಸರಿಹೊಂದುತ್ತದೆ. ನೆಟ್ ತೊಂದರೆಯಾಗಿದ್ದರೆ ಲಯ ಇರುತ್ತಿರಲಿಲ್ಲ. ಪರಿಹಾರ ಸೆಟ್ಟಿಂಗ್‌ನಲ್ಲಿದೆ. ಫೈರ್ ಟಿವಿಯಲ್ಲಿ ಡಿಸ್‌ಪ್ಲೇ ವಿಭಾಗದಲ್ಲಿ ‘ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್’, ಆ್ಯಪಲ್ ಟಿವಿಯಲ್ಲಿ ‘ಮ್ಯಾಚ್ ಕಂಟೆಂಟ್’ ಒಳಗೆ ‘ಮ್ಯಾಚ್ ಫ್ರೇಮ್ ರೇಟ್’, ಆಂಡ್ರಾಯ್ಡ್ ಟಿವಿ 12ರ ನಂತರದವುಗಳಲ್ಲಿ ‘ಮ್ಯಾಚ್ ಕಂಟೆಂಟ್ ಫ್ರೇಮ್ ರೇಟ್’. ಆನ್ ಮಾಡಿದ ಮೇಲೆ ಚಿತ್ರ ಶುರುವಾಗುವಾಗ ಟಿವಿ ಒಂದೆರಡು ಸೆಕೆಂಡು ಕಪ್ಪಾಗುವುದು ಸಹಜ. ಕೆಲವು ಆ್ಯಪ್‌ಗಳು ಫ್ರೇಮ್ ರೇಟ್ ಏನೆಂದು ಸಾಧನಕ್ಕೆ ತಿಳಿಸುವುದೇ ಇಲ್ಲ, ಆಗ ಈ ಸೆಟ್ಟಿಂಗ್ ಆನ್ ಇದ್ದರೂ ಏನೂ ಬದಲಾಗದು. ಅಂಥ ಕಡೆ ಪಂದ್ಯದ ಹೊತ್ತಿಗೆ ಔಟ್‌ಪುಟ್ಟನ್ನು ಕೈಯಾರೆ 50 ಹರ್ಟ್ಜ್‌ಗೆ ಇಟ್ಟು, ಸಿನಿಮಾಕ್ಕೆ ಮತ್ತೆ ಬದಲಿಸಬೇಕು.

ಬಾಕ್ಸ್ ಕಡೆಗೂ ಒಂದು ಮಾತು. ಅದರ ಔಟ್‌ಪುಟ್ 720ರಲ್ಲಿದ್ದರೆ ಕೂಡಲೇ 1080ಐಗೆ (ಇಂಟರ್‌ಲೇಸ್) ಬದಲಿಸಿ. 1080ಪಿ (ಪೂರ್ಣ ಫ್ರೇಮ್) ಆಯ್ಕೆ ಇದ್ದರೂ ಮೊದಲು 1080ಐ ನೋಡಿ: ಆಗ ಫೀಲ್ಡ್‌ಗಳನ್ನು ಕೂಡಿಸುವ ಕೆಲಸ ಟಿವಿ ಮಾಡುತ್ತದೆ, ಒಳ್ಳೆಯ ಟಿವಿಯ ಚಿಪ್ ಸಾಮಾನ್ಯವಾಗಿ ಬಾಕ್ಸ್‌ನ ಚಿಪ್‌ಗಿಂತ ಚೆನ್ನಾಗಿ ಮಾಡುತ್ತದೆ. ಓಡುವ ಆಟಗಾರನ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಕೂಡಿಸುವಿಕೆ ಕೆಟ್ಟಿದೆ ಎಂದರ್ಥ, ಆಗ 1080ಪಿ ಹಾಕಿ ಹೋಲಿಸಿ.

ಟ್ರಾನ್ಸ್‌ಪಾಂಡರ್36:

ಮೇಲಿನ ಎರಡು ಉತ್ತರ ಓದಿದರೆ ಪ್ರಸಾರ ಯಾವಾಗಲೂ ಮೇಲು ಅನ್ನಿಸಬಹುದು. ಹಾಗೇನಿಲ್ಲ ಸರ್. ಡಿಶ್ ಕಡೆಯ ಲೆಕ್ಕವನ್ನೂ ನೋಡಿ.

ಒಂದು ಟ್ರಾನ್ಸ್‌ಪಾಂಡರ್‌ನಲ್ಲಿ (ಹಲವು ಚಾನೆಲ್‌ಗಳನ್ನು ಒಟ್ಟಿಗೆ ಕಳಿಸುವ ಉಪಗ್ರಹದ ಘಟಕ) ಡಿವಿಬಿ-ಎಸ್2 ಎಂಬ ಉಪಗ್ರಹ ಪ್ರಸಾರ ಪದ್ಧತಿಯಲ್ಲಿ, ಸಿಗ್ನಲ್‌ಗೆ ಬಿಟ್ ತುಂಬುವ ವಿಧಾನ 8ಪಿಎಸ್‌ಕೆ, ತಪ್ಪು ತಿದ್ದುವ ಎಫ್‌ಇಸಿ 3/4, ಸೆಕೆಂಡಿಗೆ ಕಳಿಸುವ ಸಂಕೇತಗಳ ಸಂಖ್ಯೆಯಾದ ಸಿಂಬಲ್ ರೇಟ್ 30 ಮೆಗಾ ಇಟ್ಟರೆ ಒಟ್ಟು ಸಿಗುವುದು ಸುಮಾರು 66 ಎಂಬಿಪಿಎಸ್. ಹಳೆಯ ಡಿವಿಬಿ-ಎಸ್‌ನಲ್ಲಿ 27.5 ಮೆಗಾ, ಕ್ಯೂಪಿಎಸ್‌ಕೆ 3/4ಕ್ಕೆ 38 ಎಂಬಿಪಿಎಸ್ ಅಷ್ಟೇ. ಈ ಕೊಡದಲ್ಲಿರುವುದನ್ನೇ ಎಲ್ಲ ಚಾನೆಲ್‌ಗಳೂ ಹಂಚಿಕೊಳ್ಳಬೇಕು. 66ರಲ್ಲಿ 9 ಎಚ್‌ಡಿ ಚಾನೆಲ್ ಕೂರಿಸಿದರೆ ತಲಾ 7 ಚಿಲ್ಲರೆ. 14 ತುರುಕಿದರೆ 5ಕ್ಕೂ ಕಡಿಮೆ.

ಆದರೆ ಹಂಚಿಕೆ ಸಮನಾಗಿರುವುದಿಲ್ಲ, ಪ್ರಸಾರದ ಬಲ ಇರುವುದೇ ಅಲ್ಲಿ. ಸ್ಟ್ಯಾಟಿಸ್ಟಿಕಲ್ ಮಲ್ಟಿಪ್ಲೆಕ್ಸಿಂಗ್ ಅನ್ನುವ ವ್ಯವಸ್ಥೆ ಪ್ರತಿ ಕ್ಷಣ ಯಾವ ಚಾನೆಲ್‌ಗೆ ಕಷ್ಟವಿದೆ ಎಂದು ನೋಡಿ ಬಿಟ್ ಸರಿಸುತ್ತದೆ. ಪಕ್ಕದ ಚಾನೆಲ್‌ನಲ್ಲಿ ಇಬ್ಬರು ಕೂತು ಮಾತಾಡುತ್ತಿದ್ದರೆ ಅದಕ್ಕೆ 3 ಸಾಕು, ಉಳಿದದ್ದು ಪಂದ್ಯಕ್ಕೆ ಹೋಗಿ ಓಟದ ಹೊತ್ತಲ್ಲಿ ಅದು 12ಕ್ಕೂ ಏರಬಹುದು. ಬೇಕಾದಾಗ ಬೇಕಾದಷ್ಟು ಸಿಗುವುದರಿಂದ, ಸರಾಸರಿ 7 ಇರುವ ಚಾನೆಲ್ ಗರಿಷ್ಠ ಮಿತಿ ಹಾಕಿದ 7ರ ಸ್ಟ್ರೀಮ್‌ಗಿಂತ ಚೆನ್ನಾಗಿ ಕಾಣುತ್ತದೆ. ಒಂದೇ ಟ್ರಾನ್ಸ್‌ಪಾಂಡರ್‌ನಲ್ಲಿ ನಾಲ್ಕು ಕ್ರೀಡಾ ಚಾನೆಲ್ ಇದ್ದು ನಾಲ್ಕರಲ್ಲೂ ಆಟ ನಡೆಯುತ್ತಿದ್ದರೆ ಮಾತ್ರ ಈ ಲಾಭ ಕರಗುತ್ತದೆ, ಆಗ ಡಿಶ್‌ನಲ್ಲೂ ಹುಲ್ಲು ಕಲಸುತ್ತದೆ.

ಎಸ್‌ಡಿ ಚಾನೆಲ್‌ಗಳ ವಿಷಯದಲ್ಲಿ ಹೋಲಿಕೆಯೇ ಬೇಡ. 720×576, ಎಷ್ಟೋ ಕಡೆ ಅಡ್ಡಗಲ 544ಕ್ಕೆ ಇಳಿಸಿದ್ದು, 2ರಿಂದ 3 ಎಂಬಿಪಿಎಸ್‌ನ ಹಳೆಯ ಎಂಪೆಗ್-2 ಕೋಡೆಕ್. ಅದನ್ನು 4ಕೆ ಪರದೆಗೆ ಹಿಗ್ಗಿಸಿದರೆ ಯಾವ ಆ್ಯಪ್‌ನ ನಡುಮೆಟ್ಟಿಲೂ ಅದನ್ನು ಮೀರಿಸುತ್ತದೆ. ಬಣ್ಣದ ವಿಷಯದಲ್ಲೂ ಆ್ಯಪ್‌ಗಳು ಮುಂದಿವೆ. ಸಾಮಾನ್ಯ ಎಚ್‌ಡಿ ಪ್ರಸಾರ 8 ಬಿಟ್, ಎಚ್‌ಡಿಆರ್ (ಬೆಳಕು ನೆರಳಿನ ಹೆಚ್ಚಿನ ವ್ಯಾಪ್ತಿ) ಇಲ್ಲ; ಒಳ್ಳೆಯ ಸ್ಟ್ರೀಮಿಂಗ್ ಸಿನಿಮಾ 10 ಬಿಟ್ ಎಚ್‌ಡಿಆರ್. ಪ್ರಸಾರಕ್ಕೆಂದೇ ಬಿಬಿಸಿ ಮತ್ತು ಜಪಾನ್‌ನ ಎನ್‌ಎಚ್‌ಕೆ ಸೇರಿ ಎಚ್‌ಎಲ್‌ಜಿ ಎಂಬ ಎಚ್‌ಡಿಆರ್ ಪದ್ಧತಿ ರೂಪಿಸಿವೆ, ಜಪಾನ್‌ನಲ್ಲಿ 2018ರ ಡಿಸೆಂಬರ್ 1ರಿಂದ 4ಕೆ, 8ಕೆ ಉಪಗ್ರಹ ಪ್ರಸಾರವೂ ಆರಂಭವಾಯಿತು. ಉಪಗ್ರಹದಿಂದ ಆಗದು ಅಂತಲ್ಲ, ಅಷ್ಟು ಜಾಗವನ್ನು ಒಂದೇ ಚಾನೆಲ್‌ಗೆ ಬಿಟ್ಟುಕೊಡಲು ಹೆಚ್ಚಿನವರು ಸಿದ್ಧರಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ: ಡಿಶ್ ಸರಿಯಾಗಿ ತಿರುಗಿಸಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ ಎಂದು. ಇಲ್ಲ. ಡಿಜಿಟಲ್‌ನಲ್ಲಿ ಬಿಟ್ ಬಂದರೆ ಪೂರ್ತಿ ಬರುತ್ತದೆ. 8ಪಿಎಸ್‌ಕೆ 3/4ಕ್ಕೆ ಸಿಗ್ನಲ್ ಗದ್ದಲಕ್ಕಿಂತ ಸುಮಾರು 7.9 ಡಿಬಿ (ಡೆಸಿಬೆಲ್) ಮೇಲಿರಬೇಕು, ಅದರ ಮೇಲೆ 9 ಇದ್ದರೂ 14 ಇದ್ದರೂ ಚಿತ್ರ ಒಂದೇ. ಹೆಚ್ಚುವರಿ ಡಿಬಿ ಕೆಲಸಕ್ಕೆ ಬರುವುದು ಮಳೆ ಬಂದಾಗ. ಮಿತಿಯ ಕೆಳಗೆ ಇಳಿದ ಕ್ಷಣ ಚೌಕ ಚೌಕವಾಗಿ ಒಡೆದು, ಧ್ವನಿ ಚಿರಿಕ್ ಎಂದು, ಚಿತ್ರ ನಿಲ್ಲುತ್ತದೆ. ಬಾಕ್ಸ್‌ನ ಸಿಗ್ನಲ್ ಪುಟದಲ್ಲಿ ಸ್ಟ್ರೆಂತ್ ನೋಡಬೇಡಿ, ಕ್ವಾಲಿಟಿ ಪಟ್ಟಿ ನೋಡಿ. ಕೆಲವೇ ಚಾನೆಲ್‌ಗಳು ಒಡೆಯುತ್ತಿದ್ದು ಉಳಿದವು ಸರಿಯಿದ್ದರೆ ಡಿಶ್ ಮುಟ್ಟುವ ಮೊದಲು ಕೇಬಲ್ ಪರೀಕ್ಷಿಸಿ: ಎಲ್‌ಎನ್‌ಬಿಗೆ (ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಭಾಗ) ಒಂದು ಧ್ರುವೀಕರಣಕ್ಕೆ (ಅಲೆ ಕಂಪಿಸುವ ದಿಕ್ಕು) 13 ವೋಲ್ಟ್, ಇನ್ನೊಂದಕ್ಕೆ 18 ವೋಲ್ಟ್ ಹೋಗಬೇಕು. ಎಫ್ ಕನೆಕ್ಟರ್‌ನೊಳಗೆ ನೀರಿಳಿದು ತುಕ್ಕು ಹಿಡಿದರೆ ವೋಲ್ಟೇಜ್ ಕುಸಿದು ಒಂದು ಧ್ರುವೀಕರಣದ ಚಾನೆಲ್‌ಗಳೆಲ್ಲ ಒಟ್ಟಿಗೆ ಹೋಗುತ್ತವೆ. ಕೇಬಲ್ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ ನೀರು ನುಗ್ಗದಂತೆ ಟೇಪ್ ಸುತ್ತಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಹೆಡ್‌ಎಂಡ್:

ಚಿಕ್ಕದೊಂದು ಸೇರ್ಪಡೆ. ಇಂಟರ್ನೆಟ್ ಕೊಡುವ ಕಂಪನಿಯೇ ತನ್ನ ಬಾಕ್ಸ್‌ಗೆ ಮಲ್ಟಿಕಾಸ್ಟ್ (ಒಂದೇ ಪ್ರತಿಯನ್ನು ಎಲ್ಲರಿಗೂ ಒಟ್ಟಿಗೆ ಕಳಿಸುವ ವಿಧಾನ) ಮೂಲಕ ಕೊಡುವ ಐಪಿಟಿವಿಯನ್ನು ಈ ಆ್ಯಪ್‌ಗಳ ಸಾಲಿಗೆ ಸೇರಿಸಬೇಡಿ. ಅಲ್ಲಿ ಏಣಿ ಇಲ್ಲ, ಒಂದೇ ಬಿಟ್‌ರೇಟ್, ಆ ದಾರಿಗೆ ಮೀಸಲು ಜಾಗ. ಚಿತ್ರ ಪ್ರಸಾರದ್ದೇ ಥರ ಇರುತ್ತದೆ, ಕೆಡುವುದೂ ಪ್ರಸಾರದ ಥರವೇ: ಪ್ಯಾಕೆಟ್ ಕಳೆದರೆ ಚೌಕ ಒಡೆಯುತ್ತದೆ. ಆ್ಯಪ್‌ನಲ್ಲಿ ಕಳೆದ ಪ್ಯಾಕೆಟ್ಟನ್ನು ಮತ್ತೆ ತರಿಸಿಕೊಳ್ಳುವುದರಿಂದ ಚಿತ್ರ ಮಸುಕಾಗಬಹುದು, ಚಕ್ರ ತಿರುಗುತ್ತಾ ನಿಲ್ಲಬಹುದು, ಒಡೆಯುವುದಿಲ್ಲ. ಆ್ಯಪ್‌ನಲ್ಲಿ ದೊಡ್ಡ ದೊಡ್ಡ ಚೌಕಗಳು ಒಡೆದು ಬಂದರೆ ಕೆಟ್ಟಿರುವುದು ಕಳಿಸುವ ಮೂಲದಲ್ಲೇ, ಇಲ್ಲವೇ ಸಾಧನದ ಡಿಕೋಡರ್‌ನಲ್ಲಿ. ನಿಮ್ಮ ನೆಟ್‌ನಲ್ಲಿ ಹುಡುಕಬೇಡಿ.

ಹೋಲಿಸುವ ಮೊದಲು ಟಿವಿಯ ಎರಡೂ ಎಚ್‌ಡಿಎಂಐಗೆ ಒಂದೇ ಸೆಟ್ಟಿಂಗ್ ಇದೆಯೇ ನೋಡಿ. ಬಹುತೇಕ ಟಿವಿಗಳು ಪ್ರತಿ ಇನ್‌ಪುಟ್‌ಗೂ ಪಿಕ್ಚರ್ ಮೋಡ್ ಬೇರೆ ಬೇರೆ ನೆನಪಿಡುತ್ತವೆ. ಒಂದರಲ್ಲಿ ವಿವಿಡ್, ಇನ್ನೊಂದರಲ್ಲಿ ಸಿನಿಮಾ ಇದ್ದರೆ ನೀವು ಹೋಲಿಸುತ್ತಿರುವುದು ಮೋಡ್‌ಗಳನ್ನು. ಎರಡಕ್ಕೂ ಸಿನಿಮಾ ಮೋಡ್, ಶಾರ್ಪ್‌ನೆಸ್ ಕನಿಷ್ಠಕ್ಕೆ, ನಾಯ್ಸ್ ರಿಡಕ್ಷನ್ ಆಫ್. ಶಾರ್ಪ್‌ನೆಸ್ ಏರಿಸಿದರೆ ಅಕ್ಷರಗಳ ಸುತ್ತಲಿನ ಸೊಳ್ಳೆ ಮುತ್ತಿದಂಥ ಕಲೆಗಳೇ ಮೊದಲು ಎದ್ದು ಕಾಣುತ್ತವೆ. ಓವರ್‌ಸ್ಕ್ಯಾನ್ ಆಫ್ ಆಗಿರಬೇಕು, ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನಲ್ಲಿ ‘ಫಿಟ್ ಟು ಸ್ಕ್ರೀನ್’. ಇಲ್ಲದಿದ್ದರೆ ಅಂಚು ಕತ್ತರಿಸಿ ಉಳಿದದ್ದನ್ನು ಹಿಗ್ಗಿಸುತ್ತದೆ, 1080 ಸಾಲುಗಳು ಇದ್ದ ಹಾಗೇ ಉಳಿಯುವುದಿಲ್ಲ. ಕಪ್ಪು ಬೂದು ಬಣ್ಣವಾಗಿ ಕಂಡರೆ ಅಥವಾ ನೆರಳೆಲ್ಲ ನುಂಗಿಹೋದರೆ ಬಾಕ್ಸ್ ಮತ್ತು ಟಿವಿಯ ಆರ್‌ಜಿಬಿ ರೇಂಜ್ (ಕಪ್ಪಿನಿಂದ ಬಿಳಿಯವರೆಗಿನ ವ್ಯಾಪ್ತಿ) ಹೊಂದುತ್ತಿಲ್ಲ, ಎರಡನ್ನೂ ಲಿಮಿಟೆಡ್‌ಗೆ ಇಡಿ.

ಮೂರು ಮೀಟರ್ ದೂರದಿಂದ 55 ಇಂಚಿನಲ್ಲಿ 4ಕೆಗೂ ಎಚ್‌ಡಿಗೂ ಬರೀ ಸಾಲುಗಳ ವ್ಯತ್ಯಾಸ ಕಾಣುವುದು ಕಷ್ಟ. ಪರದೆಯ ಎತ್ತರ 68 ಸೆಂಟಿಮೀಟರ್. ಎಚ್‌ಡಿಗೆ ಎತ್ತರದ ಮೂರು ಪಟ್ಟು, 4ಕೆಗೆ ಒಂದೂವರೆ ಪಟ್ಟು ದೂರ ಎಂಬುದು ಲೆಕ್ಕ. ಎರಡು ಮೀಟರ್ ದಾಟಿದ ಮೇಲೆ ಕಣ್ಣಿಗೆ ಬೀಳುವುದು ಕಂಪ್ರೆಷನ್, ಚಲನೆ, ಬಣ್ಣ ಇವೇ.

ನೋಟಗಾರ:

ಎಲ್ಲರಿಗೂ ಧನ್ಯವಾದ. ಎರಡೂ ಇನ್‌ಪುಟ್ ಸಿನಿಮಾ ಮೋಡ್‌ಗೆ ತಂದು, ಬಾಕ್ಸ್ 1080ಐಗೆ ಇಟ್ಟು, ಸ್ಟಿಕ್‌ನಲ್ಲಿ ಫ್ರೇಮ್ ರೇಟ್ ಹೊಂದಿಸುವ ಆಯ್ಕೆ ಆನ್ ಮಾಡಿದ ಮೇಲಿನ ಫಲಿತಾಂಶ:

ಡಿಶ್ ಚಾನೆಲ್ ಒಂದು ಗಂಟೆಗೆ 3.4 ಜಿಬಿ. ಆ್ಯಪ್‌ನಲ್ಲಿ ಪಂದ್ಯ 10 ನಿಮಿಷಕ್ಕೆ 235 ಎಂಬಿ. ಅದೇ ಆ್ಯಪ್‌ನಲ್ಲಿ 4ಕೆ ಸಿನಿಮಾ 10 ನಿಮಿಷಕ್ಕೆ 1150 ಎಂಬಿ.

ಕುಂಟುವುದು ಪೂರ್ತಿ ನಿಂತಿದೆ. ಪಟ್ಟಿಯ ಅಕ್ಷರ ಆ್ಯಪ್‌ನಲ್ಲಿ ಇನ್ನೂ ತಟತಟ ಹೆಜ್ಜೆ ಹಾಕುತ್ತದೆ, ಡಿಶ್‌ನಲ್ಲಿ ಜಾರುತ್ತದೆ. ಹುಲ್ಲು ಹಾಗೇ ಇದೆ. ಇನ್ನೊಂದು ಗಮನಕ್ಕೆ ಬಂತು: ಕ್ಯಾಮೆರಾ ನಿಂತಾಗಲೂ ಹುಲ್ಲು ಎರಡು ಸೆಕೆಂಡಿಗೊಮ್ಮೆ ಸ್ಪಷ್ಟವಾಗಿ ಮತ್ತೆ ಮಸುಕಾಗುತ್ತದೆ.

ಬಿಟ್‌ಲೆಕ್ಕ:

ಒಳ್ಳೆಯ ಅಳತೆ. ಡಿಶ್ 7.5, ಪಂದ್ಯದ ಸ್ಟ್ರೀಮ್ 3.1, ಸಿನಿಮಾ 15.3 ಎಂಬಿಪಿಎಸ್. ಈ ಮೂರೇ ಸಂಖ್ಯೆಯಿಂದ ಬಹಳಷ್ಟನ್ನು ತಳ್ಳಿಹಾಕಬಹುದು.

ಸಿನಿಮಾಕ್ಕೆ 15 ಬಂದಿದೆ. ಅಂದರೆ ಸ್ಟಿಕ್‌ನ ವೈಡ್‌ವೈನ್ (ನಕಲು ತಡೆಯುವ ಬೀಗ) ಮಟ್ಟ ಎಲ್1 ಇದೆ, ಎಚ್‌ಡಿಎಂಐ ದಾರಿಯ ನಕಲು ತಡೆಯಾದ ಎಚ್‌ಡಿಸಿಪಿ 2.2 ಒಪ್ಪಂದ ಆಗಿದೆ, ಎಚ್‌ಡಿಎಂಐ ಕೇಬಲ್ ಸರಿಯಿದೆ, ಆ್ಯಪ್ ಎಚ್‌ಇವಿಸಿ ಅಥವಾ ಎವಿ1 ಕೋಡೆಕ್ ಓದುತ್ತಿದೆ. ಎಲ್3 ಇದ್ದಿದ್ದರೆ ಸಾಮಾನ್ಯವಾಗಿ 480 ಸಾಲಿನ ಮೇಲೆ ಹೋಗುತ್ತಲೇ ಇರಲಿಲ್ಲ. ಆದ್ದರಿಂದ ಸ್ಟಿಕ್ ಬದಲಿಸಿ, ಕೇಬಲ್ ಬದಲಿಸಿ ಎಂಬ ಸಲಹೆಗಳಿಗೆ ಕಿವಿಗೊಡಬೇಡಿ.

ಎರಡು ಸೆಕೆಂಡಿಗೊಮ್ಮೆ ಸ್ಪಷ್ಟವಾಗುವುದು ಕೀಫ್ರೇಮ್. ಸ್ಟ್ರೀಮಿಂಗ್‌ನಲ್ಲಿ ಹೆಚ್ಚಾಗಿ 2 ಸೆಕೆಂಡಿಗೊಂದು ಪೂರ್ಣ ಫ್ರೇಮ್ ಬರುತ್ತದೆ, ಆ ಕ್ಷಣ ಹುಲ್ಲಿಗೆ ವಿವರ ಸಿಗುತ್ತದೆ, ಮುಂದಿನ ಫ್ರೇಮ್‌ಗಳಲ್ಲಿ ಬಿಟ್ ಸಾಲದೆ ಕರಗುತ್ತದೆ. ಪ್ರಸಾರದಲ್ಲಿ ಚಾನೆಲ್ ಬೇಗ ಬದಲಾಗಲೆಂದು ಕೀಫ್ರೇಮ್ ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡಿಗೆ ಬರುತ್ತದೆ, ಬಿಟ್ಟೂ ಹೆಚ್ಚು, ಹಾಗಾಗಿ ಈ ಮಿಡಿತ ಕಾಣದು. ಮಿಡಿತ ಎದ್ದು ಕಂಡಲ್ಲಿ ಬಿಟ್‌ರೇಟ್ ಸಾಲದು ಎಂದೇ ತಿಳಿಯಿರಿ, ಅಳೆಯುವುದೂ ಬೇಡ.

ಈಗ ಉಳಿದಿರುವುದು ಒಂದೇ ಪ್ರಶ್ನೆ: 3.1 ಎಂಬುದು ಕಳಿಸುವವರೇ ಹಾಕಿದ ಮಿತಿಯೋ, ವೈಫೈ ಅಲುಗಾಟಕ್ಕೆ ಹೆದರಿ ಆ್ಯಪ್ ಇಳಿದ ಮೆಟ್ಟಿಲೋ? ಮೊದಲು ಆ್ಯಪ್‌ನ ಗುಣಮಟ್ಟದ ಮೆನುವನ್ನು ಪಂದ್ಯ ಓಡುತ್ತಿರುವಾಗಲೇ ತೆರೆದು ನೋಡಿ. ಕೆಲವು ಆ್ಯಪ್‌ಗಳಲ್ಲಿ ನೇರಪ್ರಸಾರಕ್ಕೆ ಬೇರೆಯೇ ಆಯ್ಕೆ ಇರುತ್ತದೆ, ಅದು ‘ಡೇಟಾ ಸೇವರ್’ನಲ್ಲಿ ಕೂತಿರಬಹುದು. ಸರಿಯಿದ್ದರೆ ಸ್ಟಿಕ್‌ಗೆ ಈಥರ್ನೆಟ್ ಅಡಾಪ್ಟರ್ ಹಾಕಿ ಅಳೆಯಿರಿ. 100 ಎಂಬಿಪಿಎಸ್ ಪೋರ್ಟ್ ಧಾರಾಳ ಸಾಕು. ಅಡಾಪ್ಟರ್ ಇಲ್ಲದಿದ್ದರೆ 5 ಗಿಗಾಹರ್ಟ್ಜ್‌ಗೆ ಕಟ್ಟಿ, ಸ್ಟಿಕ್ಕನ್ನು ಜೊತೆಗೆ ಬರುವ ಚಿಕ್ಕ ಎಚ್‌ಡಿಎಂಐ ತುಂಡಿನ ಮೂಲಕ ಟಿವಿಯ ಬೆನ್ನಿನಿಂದ ಆಚೆ ತನ್ನಿ. ಲೋಹದ ಹಿಂದೆ ಸಿಕ್ಕಿಕೊಂಡ ಆಂಟೆನಾ ಎಷ್ಟೋ ಸಲ ಇದಕ್ಕೆ ಕಾರಣ. ರೌಟರ್‌ನಲ್ಲಿ ಬೇರೆ ಡಿಎನ್‌ಎಸ್ (ಸರ್ವರ್ ವಿಳಾಸ ಹುಡುಕಿಕೊಡುವ ಸೇವೆ) ಹಾಕಿದ್ದರೆ ಇಂಟರ್ನೆಟ್ ಕಂಪನಿಯದ್ದಕ್ಕೇ ಮರಳಿಸಿ, ಕೆಲವು ಸಿಡಿಎನ್‌ಗಳು (ವಿಡಿಯೊವನ್ನು ಹಲವೆಡೆ ಇಟ್ಟು ಹಂಚುವ ಸರ್ವರ್ ಜಾಲಗಳು) ಡಿಎನ್‌ಎಸ್ ನೋಡಿ ಸರ್ವರ್ ಆರಿಸುವುದರಿಂದ ದೂರದ್ದು ಸಿಕ್ಕಿರಬಹುದು.

10 ನಿಮಿಷದ ಅಳತೆಯನ್ನು 2 ನಿಮಿಷದ ಐದು ಭಾಗ ಮಾಡಿ ಓದಿ. ಐದರಲ್ಲೂ 46, 47 ಎಂಬಿ ಎಂದು ಒಂದೇ ಸಮ ಬಂದರೆ ಅದು ಮೇಲಿನ ಮೆಟ್ಟಿಲು, ಅಲ್ಲಿಂದ ಮೇಲೆ ಏನೂ ಇಲ್ಲ. ಒಂದರಲ್ಲಿ 25, ಇನ್ನೊಂದರಲ್ಲಿ 80 ಎಂದು ಏರಿಳಿದರೆ ನೆಟ್ ಕಡೆ ಕೆಲಸ ಬಾಕಿ ಇದೆ.

ಫೀಲ್ಡ್50:

ಪಟ್ಟಿ ಇನ್ನೂ ಹೆಜ್ಜೆ ಹಾಕುತ್ತಿದೆ ಎಂದರೆ ಬರುತ್ತಿರುವುದು 25 ಫ್ರೇಮ್ ಎಂಬುದು ಖಚಿತವಾಯಿತು. ಆ ಐದು ಭಾಗದ ಅಳತೆಯಲ್ಲಿ ಯಾವುದಾದರೂ 2 ನಿಮಿಷ 90 ಎಂಬಿ ದಾಟಿದರೆ ಅದೇ ಹೊತ್ತಿಗೆ ಪಟ್ಟಿಯತ್ತ ನೋಡಿ. ಆಗ ಅಕ್ಷರ ಜಾರತೊಡಗಿದರೆ ಮೇಲಿನ ಮೆಟ್ಟಿಲು 50 ಫ್ರೇಮ್‌ನದ್ದು, ವೈಫೈ ಸರಿಮಾಡಿ ಅಲ್ಲೇ ನಿಲ್ಲಿಸಲು ಪ್ರಯತ್ನಿಸುವುದು ಸಾರ್ಥಕ. ಈಥರ್ನೆಟ್ ಮೇಲೂ 3.1ರಲ್ಲೇ ನಿಂತು 25 ಫ್ರೇಮ್ ಬಂದರೆ ಮನೆಯಲ್ಲಿ ಮಾಡುವಂಥದ್ದು ಏನೂ ಉಳಿದಿಲ್ಲ, ಪಂದ್ಯವನ್ನು ಡಿಶ್‌ನಲ್ಲೇ 1080ಐ ಇಟ್ಟು ನೋಡಿ. ಆ್ಯಪ್‌ನವರಿಗೆ ದೂರು ಬರೆಯುವುದಾದರೆ ‘ಕ್ವಾಲಿಟಿ ಚೆನ್ನಾಗಿಲ್ಲ’ ಎನ್ನಬೇಡಿ; ಸಾಧನದ ಮಾದರಿ, ಅಳೆದ 3.1 ಎಂಬಿಪಿಎಸ್, 25 ಫ್ರೇಮ್, ಅದೇ ಸಂಪರ್ಕದಲ್ಲಿ ಸಿನಿಮಾಕ್ಕೆ ಬಂದ 15.3, ಈ ನಾಲ್ಕನ್ನೂ ಬರೆಯಿರಿ. ಕೆಲವು ಸಾಧನಗಳ ಪಟ್ಟಿಗೆ ಕೆಳಗಿನ ಏಣಿ ಕೊಟ್ಟಿರುವುದೂ ಉಂಟು, ಮಾದರಿ ಸಂಖ್ಯೆ ಇಲ್ಲದೆ ಅವರಿಗೆ ಅದನ್ನು ಹುಡುಕಲು ಆಗುವುದಿಲ್ಲ.